ಫ್ರಿಜ್‌ನಲ್ಲಿಟ್ಟಿದ್ದ ಕೀ

"ಫ್ರಿಜ್‌ನಲ್ಲಿಟ್ಟಿದ್ದ ಮನೆ ಕೀ ಯಾರೋ ತಗೊಂಡು ಹೋಗಿದಾರೆ ಕಣೇ!"

ನಾರ್ವೆಯ ಬರ್ಗೆನ್ ಟ್ರಾಮ್‌ನಲ್ಲಿ ನನ್ನ ಮುಂದಿನ ಸೀಟು. ಹೇಳಿದವಳ ಮಡಿಲಲ್ಲಿ ಗಿಟಾರ್. ಪಕ್ಕದ ಗೆಳತಿ ಕಿಸಕ್ಕಂತ ನಕ್ಕಳು. ನಾನೂ ನಗು ತಡ್ಕೊಂಡು ಅವರ ಮಾತನ್ನ ಫೋನಲ್ಲಿ ಟೈಪ್ ಮಾಡೋಕೆ ಶುರು ಮಾಡಿದೆ.

"ಕೀ ಯಾಕೆ ಫ್ರಿಜ್‌ನಲ್ಲಿಡ್ತೀಯ ಇಂಗ್ವಿಲ್, ತಣ್ಣಗಿರ್ಲಿ ಅಂತಾನಾ?"

"ಹಾಡು ರೆಕಾರ್ಡ್ ಮಾಡುವಾಗ ಫ್ರಿಜ್‌ನ ಗುಂಯ್ ಸದ್ದು ಬರುತ್ತೆ, ಅದಕ್ಕೆ ಆಫ್ ಮಾಡ್ತೀನಿ. ಕೀ ಒಳಗಿದ್ರೆ ಹೊರಗೆ ಹೋಗೋ ಮುಂಚೆ ಮತ್ತೆ ಆನ್ ಮಾಡೋದು ನೆನಪಾಗುತ್ತೆ."

"ಇದು ಯಾರಿಗೆ ಗೊತ್ತು?"

"ಎಲ್ರಿಗೂ. ಪ್ರತಿ ಭಾನುವಾರ ಆನ್‌ಲೈನಲ್ಲಿ ಹಾಡಿನ ಜೊತೆ ಅದರ ಕತೆ ಹಾಕ್ತೀನಲ್ಲ, ಅದ್ರಲ್ಲೇ ಬರ್ದಿದ್ದೆ."

"ಬಾಗಿಲು?"

"ಬೀಗ ಹಾಕಿರ್ಲಿಲ್ಲ. ಹಗಲು ಹೊತ್ತಲ್ವಾ."

"ಎಲ್ಲೋ ಬೀಳಿಸಿರ್ತೀಯ ಬಿಡೇ ಮಾರಾಯ್ತಿ."

"ಟುರುನ್, ನಾನು ಹೆಡ್‌ಫೋನ್ ಹಾಕ್ಕೊಂಡು ಕಣ್ಮುಚ್ಚಿ ಹಾಡ್ತಿದ್ದೆ. ಆಮೇಲೆ ರೆಕಾರ್ಡಿಂಗ್ ಕೇಳಿದ್ರೆ, ಎರಡನೇ ಚರಣದಲ್ಲಿ ಫ್ರಿಜ್ ತೆಗೆಯೋ ಸದ್ದಿದೆ. ಮನೆ ಬಾಗಿಲು ಮುಚ್ಚೋ ಸದ್ದು ಹಾಡು ಮುಗಿದ ಮೇಲೆ."

"ಅಂದ್ರೆ... ಪೂರ್ತಿ ಕೇಳ್ಕೊಂಡು ನಿಂತಿದ್ದ."

"ಹೂಂ."

ಈಗ ನಾನೂ ನಗ್ತಿರ್ಲಿಲ್ಲ.

"ಪೊಲೀಸರಿಗೆ?"

"ಹೇಳಿದೀನಿ. ಬೀಗ ಬದಲಾಯಿಸೋನು ನಾಳೆ ಒಂಬತ್ತಕ್ಕೆ ಬರ್ತಾನಂತೆ."

"ಅಲ್ಲೀವರೆಗೂ ನಮ್ಮನೇಲಿರು."

"ನಿಮ್ಮನೇಲಿ ಹಾಡಿದ್ದರ ಕತೆ ಹೋದ ವಾರಾನೇ ಹಾಕ್ಬಿಟ್ಟೆ ಕಣೇ. ಯಾವ ಬೀದಿ, ಎಷ್ಟನೇ ಮಹಡಿ, ಎಲ್ಲಾ ಬರ್ದಿದೀನಿ."

ಟುರುನ್ ಎದ್ದು ಸ್ಟಾಪ್ ಬಟನ್ ಒತ್ತಿದಳು.

"ಹಾಗಾದ್ರೆ ಇಬ್ರೂ ಬೇರೆ ಕಡೆ ಇರೋಣ. ನೀನು ಯಾವುದಾದ್ರೂ ಹೋಟೆಲಿಗೆ ಹೋಗು, ನಾನು ಅಣ್ಣನ ಮನೆಗೆ ಹೋಗ್ತೀನಿ. ನಾಳೆ ಒಂಬತ್ತಕ್ಕೆ ನಿಮ್ಮನೆ ಕೆಳಗೆ ಸಿಗ್ತೀನಿ. ನಾನು ಬರೋ ಮುಂಚೆ ಮೇಲೆ ಹತ್ತಬೇಡ."

ಇಬ್ರೂ ಇಳ್ಕೊಂಡ್ರು.