ಕ್ಷೌರಿಕನ ಕುತ್ತಿಗೆ

ಕುತ್ತಿಗೆಗೆ ಪಟ್ಟಿ ಬಿಗಿದುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಕ್ಷೌರಿಕ, ಪಕ್ಕದಲ್ಲಿದ್ದ ಅಕ್ಕನತ್ತ ತಿರುಗಲಾರದೆ ಎದುರಿನ ಗೋಡೆಗೇ ಹೇಳುತ್ತಿದ್ದ.

“ಹಿಂದಿನ ಕಾರು ನನ್ನ ಕಾರನ್ನ ಸುಮ್ನೆ ಮುಟ್ತು, ಅಷ್ಟೇ. ಬಂಪರಿಗೆ ಒಂದು ಗೀರೂ ಇಲ್ಲ.”

“ಆ ಕಾರಿನವನು?”

“ಕುತ್ತಿಗೆ ಹಿಡ್ಕೊಂಡೇ ಇಳಿದ. ಪಾಪ ಅನ್ನಿಸ್ತು. ಅಂಗಡೀಲಿ ತೆಗೆಯೋ ಹಾಗೆ ರಸ್ತೇಲೇ ಅವನ ಕುತ್ತಿಗೆ ತಿರುಚಿ ನೆಟಿಗೆ ತೆಗೆದೆ. ನಂಗೆ ನೋವು ಬಂದಿದ್ದು ಮಾರನೇ ದಿನ.”

“ಡಾಕ್ಟ್ರಿಗೆ ಹೇಳಿದ್ಯಾ?”

“ನಿನ್ನೆ ಹೇಳ್ದೆ. ಪೆಟ್ಟಾದ ಕುತ್ತಿಗೆ ತಿರುಚಿದ್ರೆ ಕೈಕಾಲೇ ಹೋಗ್ಬೋದಂತೆ. ಬೈಸ್ಕೊಂಡು ಬಂದೋನೇ ಅವನು ಕೊಟ್ಟಿದ್ದ ನಂಬರಿಗೆ ಫೋನ್ ಮಾಡ್ದೆ.”

“ಅಯ್ಯೋ! ಏನಾಗಿತ್ತು?”

“ಏನೂ ಇಲ್ಲ. ನಿಮ್ಮ ಕೈಗುಣ ದೊಡ್ಡದು, ನಾಳೆ ಅಪ್ಪನ್ನೂ ಕರ್ಕೊಂಡು ಬರ್ತೀನಿ ಅಂದ!”

“ನೀನೇನಂದೆ?”

“ಇನ್ಮೇಲೆ ಬರೀ ಕೂದಲು ಅಂದೆ ಅಕ್ಕಾ. ಅದು ನನ್ನ ಕೈಲಿ ಕೆಟ್ರೂ ಮತ್ತೆ ಬೆಳೆಯುತ್ತೆ.”

ನರ್ಸ್ ಕೂಗಿದಳು. ಅಕ್ಕ ಮೊಣಕೈ ಹಿಡಿದು, ಬೀರು ತಿರುಗಿಸಿದಂತೆ ತಮ್ಮನನ್ನು ಇಡಿಯಾಗಿ ತಿರುಗಿಸಿಕೊಂಡು ಒಳಗೆ ಹೋದಳು.