ಕೆಮ್ಮುವ ಕಾರು ಬೇಕು

ಬಿಡಿಭಾಗಗಳ ಅಂಗಡಿಯ ಸರದಿಯಲ್ಲಿ ನಿಂತಿದ್ದ ಟೀಚರಮ್ಮನಿಗೆ ಮುಂದಿದ್ದ ಅಣ್ಣ-ತಂಗಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಣ್ಣನ ಕೈಯಲ್ಲಿ ಪಾಲಿಶ್ ಡಬ್ಬಿಯಿತ್ತು.

“ಭಾವನಿಗೋಸ್ಕರಾನೇ ಕಾರು ಪ್ರಿಯರ ಸಂಘ ಕಟ್ಟಿದ್ದು ಕಣೆ. ಮೊದಲ್ನೇ ದಿನಾನೇ ನಿಮ್ಮನೆ ಮುಂದೆ ನಾಲ್ಕು ಕಾರು ಬಂದ್ವಲ್ಲ.”

“ಬಂದ್ವು. ಬಣ್ಣ ನೋಡಿ, ಹೊಳಪು ನೋಡಿ ಅಂದ್ರು ಎಲ್ಲರೂ. ಕಣ್ಣು ಹೋದ ಮನುಷ್ಯನ ಮುಂದೆ.”

“ನನ್ನ ತಲೆಗೇ ಹೊಳೀಲಿಲ್ಲ. ಭಾವ ಏನಂದ್ರು?”

“ಅವತ್ತು ಗೋಡೆ ಕಡೆ ತಿರುಗಿ ಮಲಗಿದೋರು ಎದ್ದೇ ಇಲ್ಲ. ಊಟ ಮುಟ್ತಿಲ್ಲ.”

“ಭಾನುವಾರ ಮತ್ತೆ ಎಲ್ಲರನ್ನೂ ಕರೀತೀನಿ.”

“ಒಳ್ಳೇ ಕಾರು ಬೇಡಣ್ಣ. ಕೆಮ್ಮೋದು, ನಡುಗೋದು, ನಿಂತು ನಿಂತು ಹೋಗೋದು ತಗೊಂಡ್ಬಾ. ನಮ್ಮನೆಯವರು ಜೀವಮಾನವೆಲ್ಲ ಗ್ಯಾರೇಜು ನಡೆಸಿದೋರು, ಸದ್ದು ಕೇಳಿನೇ ಕಾಯಿಲೆ ಹೇಳ್ತಿದ್ದೋರು. ಎದ್ದು ಬಯ್ಯೋಕಾದ್ರೂ ಹೊರಗೆ ಬರಲಿ.”

“ಸಂಘದವರೆಲ್ಲ ಕಾರನ್ನ ಮಗು ಥರ ನೋಡ್ಕೊಳ್ಳೋರು. ಕೆಟ್ಟಿರೋದು ಯಾರ ಹತ್ರ ಇದೆ?”

“ನಿಂದು?”

“ನಂದಕ್ಕೇನು ಬಂದಿದೆ, ಬೆಣ್ಣೆ ಥರ ಓಡುತ್ತೆ.”

ಆಕೆ ಅವನ ತೋಳು ಹಿಡಿದಳು. “ಭಾನುವಾರದವರೆಗೆ ಅವರು ಉಳೀಬೇಕಲ್ಲಣ್ಣ.”

ಅಣ್ಣ ಪಾಲಿಶ್ ಡಬ್ಬಿಯನ್ನು ಅಲ್ಲೇ ಇಟ್ಟು ಹೊರಗೆ ನಡೆದ. ತಂಗಿಯೂ ಹಿಂದೆಯೇ ಓಡಿದಳು. ಬಾಗಿಲ ಮುಂದೆ ಮುಖ ಕಾಣುವಷ್ಟು ಉಜ್ಜಿದ ಹಳೇ ಕಾರು ನಿಂತಿತ್ತು. ಬಾನೆಟ್ ಎತ್ತಿದವನು ಮಗುವಿಗೆ ಹೊಡೆಯಲು ಕೈ ಎತ್ತಿದವನ ಹಾಗೆ ಒಂದು ಗಳಿಗೆ ತಡೆದು, ಪ್ಲಗ್ಗಿನ ವೈರೊಂದನ್ನು ಕಿತ್ತ. ಸ್ಟಾರ್ಟ್ ಮಾಡಿದರೆ ಕಾರು ಮೈಯೆಲ್ಲ ಅದುರಿಸಿ ಕೆಮ್ಮಿತು.

“ಸಾಕಾ?”

“ಇನ್ನೊಂದು ಕೀಳಣ್ಣ,” ಎಂದಳು ತಂಗಿ. “ಬೀದಿ ತುದಿಯಿಂದಲೇ ಅವರಿಗೆ ಕೇಳಿಸ್ಬೇಕು.”