ಇಪ್ಪತ್ತೇಳನೇ ಹೊರಗಿನ ಕಾರು

ಬಸ್ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಟಿಕೆಟ್ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದ, 68 ವರ್ಷ ವಯಸ್ಸಿನ, ರೈಲು ನಿಲ್ದಾಣದ ಹಿಂದಿನ ಮೂರನೇ ಅಡ್ಡರಸ್ತೆಯ 17ನೇ ನಂಬರ್ ಮನೆಯಲ್ಲಿ ವಾಸವಿರುವ, ಬೀದಿಯವರೆಲ್ಲ ‘ಚೆಕಿಂಗ್ ಮಾವ’ ಎಂದು ಕರೆಯುವ ನಾನು, ನನ್ನ ಒಬ್ಬಳೇ ಮಗಳು ನಿನ್ನೆ ಬೆಳಿಗ್ಗೆ 8-35ರಿಂದ ಕಾಣೆಯಾಗಿರುವ ಬಗ್ಗೆ ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಮಗಳ ವಯಸ್ಸು 34. ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕಟ್ಟುಹಲ್ಲಿನ ಸೆಟ್ ತಯಾರಿಸುವ ಕೆಲಸ. ಎತ್ತರ ಐದು ಅಡಿ ಎರಡು ಅಂಗುಲ. ನಿನ್ನೆ ತಿಳಿನೀಲಿ ಅಂಗಿ, ಕಪ್ಪು ಪ್ಯಾಂಟ್ ಹಾಕಿದ್ದಳು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಬಿಳಿ ಪ್ಲಾಸ್ಟರ್ ಪುಡಿ ಇರುತ್ತದೆ. ಅವಳ ಬೂದು ಬಣ್ಣದ ಸಣ್ಣ ಕಾರು ಹನ್ನೊಂದು ವರ್ಷ ಹಳೆಯದು, ಹಿಂದಿನ ಎಡ ಬಾಗಿಲು ನೆಗ್ಗಿದೆ. ಅವಳೇ ದುಡಿದು ತೆಗೆದುಕೊಂಡದ್ದು. ಆದರೆ ನೋಂದಣಿ ಆಗಿರುವುದು ಗಂಡನ ಮನೆಯ ವಿಳಾಸದಲ್ಲಿ.

ನಮ್ಮ ಬೀದಿಯಿಂದ ರೈಲು ನಿಲ್ದಾಣಕ್ಕೆ 400 ಮೀಟರ್. ರೈಲು ಹಿಡಿಯುವವರು ಬೆಳಿಗ್ಗೆ ನಮ್ಮ ಗೇಟುಗಳ ಮುಂದೆ ಕಾರು ನಿಲ್ಲಿಸಿ ಹೋದರೆ ಮತ್ತೆ ಮುಖ ತೋರಿಸುವುದು ಸಂಜೆಗೆ. ಬೀದಿಯವರಿಗೆ ಸಾಕುಸಾಕಾಗಿತ್ತು. ನಿವಾಸಿಗಳಿಗೆ ಮಾತ್ರ ಪರ್ಮಿಟ್ ಕೊಟ್ಟು ಬೇರೆಯವರ ಪಾರ್ಕಿಂಗ್ ನಿಲ್ಲಿಸಬೇಕೆಂದು ಬೀದಿಯ ಸಂಘದಿಂದ ನಗರಸಭೆಗೆ ಅರ್ಜಿ ಕೊಟ್ಟೆವು. ಬೆಳಿಗ್ಗೆ 10-30ಕ್ಕೆ ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು ವಾಹನಗಳು ಹೊರಗಿನವರದ್ದಾಗಿದ್ದರೆ ಮಾತ್ರ ಮಂಜೂರು ಮಾಡುವುದಾಗಿ ನಗರಸಭೆಯವರು ತಿಳಿಸಿದರು. ಎಣಿಸುವ ಕೆಲಸವನ್ನು ಸಂಘ ನನಗೆ ಒಪ್ಪಿಸಿತು. ಕೆಲಸದಲ್ಲಿದ್ದಾಗ ಟಿಕೆಟ್ ಇಲ್ಲದ ಸ್ವಂತ ಭಾವಮೈದುನನ ಮೇಲೂ ಕೇಸು ಬರೆದವನು ನಾನು ಎಂಬುದು ಎಲ್ಲರಿಗೂ ಗೊತ್ತು. ಆತ ಇಂದಿಗೂ ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿಯುವುದಿಲ್ಲ.

ಎರಡು ತಿಂಗಳ ಹಿಂದೆ, ಎಣಿಕೆಗೆ ಆರು ದಿನ ಮುಂಚೆ, ಮಗಳು ಒಂದು ಸೂಟ್‌ಕೇಸ್ ತೆಗೆದುಕೊಂಡು ಮನೆಗೆ ಬಂದಳು. ಸ್ವಲ್ಪ ದಿನ ಇಲ್ಲೇ ಇರ್ತೀನಪ್ಪ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ ಎಂಬ ಭಯವಿತ್ತು. ಆಗ ಅವಳು ಕೆಲಸಕ್ಕೆ ರಜೆ ಹಾಕಿದ್ದರಿಂದ ಕಾರು ಹಗಲೆಲ್ಲ ಮನೆ ಮುಂದೆಯೇ ನಿಂತಿರುತ್ತಿತ್ತು.

ಎಣಿಕೆಯ ದಿನ ಬೀದಿಯಲ್ಲಿ ಒಟ್ಟು 53 ವಾಹನಗಳಿದ್ದವು. ನಮ್ಮವರದ್ದು 26, ಹೊರಗಿನವರದ್ದು 26. ಉಳಿದದ್ದು ಮಗಳ ಕಾರು. ಜೊತೆಯಲ್ಲಿದ್ದ ಸಂಘದ ಅಧ್ಯಕ್ಷರು, ಅಂದರೆ ಔಷಧಿ ಅಂಗಡಿಯವರು, ಮಾವ, ಇದನ್ನ ಯಾವ ಕಡೆಗೆ ಹಾಕ್ತೀರಿ ಎಂದು ಕೇಳಿದರು. ಕಾಗದದಲ್ಲಿ ಯಾವ ವಿಳಾಸ ಇದೆಯೋ ಆ ಕಡೆಗೆ ಎಂದು ಹೇಳಿ ‘ಹೊರ’ ಎಂದು ಬರೆದೆ. 27 ಆಯಿತು. ಪರ್ಮಿಟ್ ಮಂಜೂರಾಯಿತು.

ಎಣಿಕೆಯ ಪಟ್ಟಿಯನ್ನು ಏಳು ದಿನ ಸಂಘದ ಫಲಕಕ್ಕೆ ಅಂಟಿಸಿದ್ದೆವು. ಫಲಕ ನಮ್ಮ ಗೇಟಿನಿಂದ ಒಂಬತ್ತು ಹೆಜ್ಜೆ. ಮೂರನೇ ದಿನ ಮಗಳು ಅದರ ಮುಂದೆ ನಿಂತಿದ್ದನ್ನು ಕಿಟಕಿಯಿಂದ ನೋಡಿದೆ. ಆ ದಿನ ಊಟಕ್ಕೆ ಕುಳಿತಾಗ, ನಿಮ್ಮ ಅಕ್ಷರ ಇನ್ನೂ ಮುದ್ದಾಗಿದೆ ಅಪ್ಪ ಎಂದಷ್ಟೇ ಹೇಳಿದಳು. ನನ್ನ ಹೆಂಡತಿ ತಟ್ಟೆ ಬಿಟ್ಟು ಎದ್ದುಹೋದಳು.

ಕಾರಿನ ನೋಂದಣಿ ಬೇರೆ ವಿಳಾಸದಲ್ಲಿದ್ದರೂ, ಇವರು ನನ್ನ ಮನೆಯಲ್ಲಿ ಕಾಯಂ ವಾಸವಿದ್ದಾರೆಂದು ಮನೆಯ ಯಜಮಾನ ಸಹಿ ಮಾಡಿದರೆ ಪರ್ಮಿಟ್ ಸಿಗುತ್ತದೆ. ಕಳೆದ ತಿಂಗಳ 22ರಂದು ಮಗಳು ಆ ಅರ್ಜಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಬಿಚ್ಚಿ ನೋಡದೆ ಡ್ರಾಯರ್‌ನಲ್ಲಿಟ್ಟೆ. 30ರಂದು ಒಮ್ಮೆ ಕೇಳಿದಳು. ಇವತ್ತಲ್ಲ ನಾಳೆ ನಿಮ್ಮಿಬ್ಬರದ್ದು ಸರಿಹೋಗುತ್ತೆ, ಕಾಯಂ ಅಂತ ನಾನೇ ಬರೆದುಕೊಟ್ಟರೆ ನಿನ್ನ ಸಂಸಾರ ನಾನೇ ಮುರಿದ ಹಾಗಾಗಲ್ವಾ ಎಂದೆ. ಸರಿ ಅಪ್ಪ ಎಂದಳು. ಮತ್ತೆ ಕೇಳಲಿಲ್ಲ.

ಈ ತಿಂಗಳ 1ರಿಂದ ಪರ್ಮಿಟ್ ಜಾರಿಗೆ ಬಂತು. ಮಗಳು ಮುಚ್ಚಿಹೋಗಿರುವ ಕಾರ್ಖಾನೆಯೊಂದರ ಗೋಡೆ ಪಕ್ಕ ಕಾರು ನಿಲ್ಲಿಸಿ ನಡೆದು ಬರುತ್ತಿದ್ದಳು. ದೂರ 850 ಮೀಟರ್. ಆ ದಾರಿಯಲ್ಲಿ 16ರಂದು ಅವಳ ಕಾಲು ಉಳುಕಿತು. 17ರ ಸಂಜೆ ನೋವು ತಡೆಯಲಾರದೆ ಕಾರನ್ನು ಮನೆ ಮುಂದೆಯೇ ನಿಲ್ಲಿಸಿದಳು.

ಪರ್ಮಿಟ್ ಇಲ್ಲದ ಕಾರುಗಳಿಗೆ ಹಳದಿ ನೋಟಿಸ್ ಅಂಟಿಸುವ ಕೆಲಸವೂ ನನ್ನದೇ. ನಿನ್ನೆ 18ರಂದು ಬೆಳಿಗ್ಗೆ 7-50ಕ್ಕೆ ಮಗಳ ಕಾರಿನ ಮುಂದಿನ ಗಾಜಿಗೆ ನೋಟಿಸ್ ಅಂಟಿಸಿದೆ. ಅಭ್ಯಾಸಬಲದಿಂದ ಕೈ ಹೋಯಿತು ಎಂದರೆ ಸುಳ್ಳಾಗುತ್ತದೆ. ಕಾರು ಯಾರದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎದುರು ಮನೆಯವರು ನಿಂತು ನೋಡುತ್ತಿದ್ದರು. ಮಗಳದ್ದು ಅಂತ ಬಿಟ್ಟುಬಿಟ್ಟ ಎಂಬ ಮಾತು ನಾಳೆ ಬರಬಾರದೆಂದು ಅಂಟಿಸಿದೆ.

8-35ಕ್ಕೆ ಮಗಳು ಕುಂಟುತ್ತ ಹೊರಗೆ ಬಂದಳು. ನೋಟಿಸನ್ನು ಹರಿಯದಂತೆ ಬಿಡಿಸಿ, ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಕಾರು ತೆಗೆದಳು. ನಾನು ಆಗ 41ನೇ ನಂಬರ್ ಮನೆ ಮುಂದೆ ಇದ್ದೆ. ನಡುವಿನ ದೂರ 120 ಮೀಟರ್. ಬೀದಿ ನಿಶ್ಶಬ್ದವಾಗಿತ್ತು, ಕೂಗಿದ್ದರೆ ಕೇಳಿಸುತ್ತಿತ್ತು. ಕೂಗಲಿಲ್ಲ.

11 ಗಂಟೆಗೆ ಹಲ್ಲಿನ ಆಸ್ಪತ್ರೆಯವರು ಫೋನ್ ಮಾಡಿ, ಅವರು ಇವತ್ತು ಬಂದಿಲ್ಲವಲ್ಲ ಎಂದರು. ಮಗಳ ಫೋನ್ ಬಂದ್ ಆಗಿತ್ತು. ಅಳಿಯನಿಗೆ ಫೋನ್ ಮಾಡಿದೆ. ಇಲ್ಲಿಗೆ ಬಂದಿಲ್ಲ, ಬಂದರೂ ಬಾಗಿಲು ತೆಗೆಯೋನಲ್ಲ ಎಂದು ಹೇಳಿ ಇಟ್ಟುಬಿಟ್ಟರು. ಆಗ ನನ್ನ ಹೆಂಡತಿ, ಅಳಿಯ ಹಿಂದೆಯೂ ಮಗಳನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡಿದ್ದರೆಂದೂ, ಇಲ್ಲಿಗೆ ಬರುವ ಮುಂಚೆ ಅವಳು ಎರಡು ರಾತ್ರಿ ಅದೇ ಕಾರಿನಲ್ಲಿ ಮಲಗಿದ್ದಳೆಂದೂ ಹೇಳಿದಳು. ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಕಾಗದ ಕೇಳ್ತೀರಲ್ಲ ಎಂದಳು.

ಕಾರ್ಖಾನೆಯ ಗೋಡೆ, ರೈಲು ನಿಲ್ದಾಣದ ಎರಡೂ ಬದಿ, ದೊಡ್ಡ ಆಸ್ಪತ್ರೆಯ ಪಾರ್ಕಿಂಗ್ ಎಲ್ಲ ಕಡೆ ನಡೆದು ಹುಡುಕಿದೆ. ಕಾರು ಸಿಗಲಿಲ್ಲ. ಸಂಜೆ 5-15ಕ್ಕೆ ಮನೆಗೆ ಬಂದು ಡ್ರಾಯರ್ ತೆಗೆದು ಅವಳ ಅರ್ಜಿಯನ್ನು ಮೊದಲ ಬಾರಿಗೆ ಬಿಚ್ಚಿದೆ. ನನ್ನ ಸಹಿಯ ಜಾಗ ಬಿಟ್ಟು ಎಲ್ಲವನ್ನೂ ತುಂಬಿದ್ದಳು. ಸಂಬಂಧ ಎಂಬಲ್ಲಿ ‘ಮಗಳು’ ಎಂದಿತ್ತು. ಈ ವಿಳಾಸದಲ್ಲಿ ಯಾವ ದಿನಾಂಕದಿಂದ ವಾಸ ಎಂಬಲ್ಲಿ ತಾನು ಹುಟ್ಟಿದ ದಿನಾಂಕ ಬರೆದಿದ್ದಳು. ಲೆಕ್ಕದ ಪ್ರಕಾರ ಅದು ಮೂರು ದಿನ ತಪ್ಪು. ಆಸ್ಪತ್ರೆಯಿಂದ ನಾನು ಅವಳನ್ನು ಎತ್ತಿಕೊಂಡು ಈ ಮನೆಗೆ ಬಂದದ್ದು ಮೂರು ದಿನ ಕಳೆದ ಮೇಲೆ. ತಿದ್ದದೆ ಸಹಿ ಮಾಡಿದ್ದೇನೆ. ಅರ್ಜಿಯನ್ನು ಇದರ ಜೊತೆ ಲಗತ್ತಿಸಿದ್ದೇನೆ.

ಕಾಣೆಯಾದವರ ನಮೂನೆಯಲ್ಲಿ ಕಾಯಂ ವಿಳಾಸ ಯಾವುದನ್ನು ಬರೆಯಲಿ ಎಂದು ಇದನ್ನು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಕೇಳಿದ್ದಾರೆ. 17ನೇ ನಂಬರ್ ಮನೆ, ಮೂರನೇ ಅಡ್ಡರಸ್ತೆ ಎಂದು ಬರೆಯಬೇಕು. ಕಾರು ಎಲ್ಲೇ ಕಂಡರೂ, ನಿಲ್ಲಿಸಬಾರದ ಕಡೆ ನಿಂತಿದ್ದರೂ, ಎಳೆದುಕೊಂಡು ಹೋಗುವ ಮುಂಚೆ ಒಳಗೆ ಯಾರಾದರೂ ಮಲಗಿದ್ದಾರೆಯೇ ಎಂದು ನೋಡಬೇಕಾಗಿ ಕೇಳಿಕೊಳ್ಳುತ್ತೇನೆ.

ಇನ್ನೊಂದು ವಿಷಯವನ್ನೂ ಹೇಳಬೇಕಾಗಿದೆ. ಕುರ್ಚಿ, ಬಕೆಟ್ ಇಟ್ಟು ರಸ್ತೆಯಲ್ಲಿ ಜಾಗ ಹಿಡಿಯಬಾರದೆಂಬುದು ನಮ್ಮ ಸಂಘದ ಆರನೇ ನಿಯಮ. ಬರೆದವನು ನಾನೇ. ಇವತ್ತು ಬೆಳಿಗ್ಗೆ 6 ಗಂಟೆಯಿಂದ ನನ್ನ ಹೆಂಡತಿ ಮಗಳ ಕಾರು ನಿಲ್ಲುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾಳೆ. ಔಷಧಿ ಅಂಗಡಿಯವರು ಎರಡು ಸಲ ಬಂದು ಹೇಳಿದರೂ ಎದ್ದಿಲ್ಲ. ಇಲ್ಲಿಂದ ಹೋದ ಮೇಲೆ ನಾನೂ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಕೂರುವವನಿದ್ದೇನೆ. ಈ ಬಗ್ಗೆ ದೂರು ಬಂದರೆ ಕೇಸನ್ನು ನನ್ನ ಒಬ್ಬನ ಮೇಲೆ ಹಾಕಬೇಕು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು, ಕೇಳಿದೆ. ನಾನು ಹೇಳಿದಂತೆಯೇ ಇದೆ. ಎಲ್ಲವೂ ನಿಜ, ಏನನ್ನೂ ಮುಚ್ಚಿಟ್ಟಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 19, ಸಂಜೆ 4-40

(ಸಹಿ)
ಕಾಣೆಯಾದವಳ ತಂದೆ